ಅನರ್ಥದಂಡವಿರತಿ: ಶ್ರಾವಕಾಚಾರ ಗ್ರಂಥಗಳಲ್ಲಿ ನಿತ್ಯದ ಪರಿಸರ ವಿವೇಕ

ಪರಿಸರ ರಕ್ಷಣೆಯ ಬಗೆಗೆ ಇಂದು ನಡೆಯುವ ಚರ್ಚೆಗಳಲ್ಲಿ ಎರಡು ಮಾತುಗಳು ಮೇಲಿಂದ ಮೇಲೆ ಕೇಳಿಬರುತ್ತವೆ. ಪರಿಸರ ಪ್ರಜ್ಞೆಯೆಂಬುದು ಇಪ್ಪತ್ತನೆಯ ಶತಮಾನದ ಕೊಡುಗೆ, ಪ್ರಾಚೀನರಿಗೆ ಅದರ ಅಗತ್ಯವೂ ಇರಲಿಲ್ಲ, ಅರಿವೂ ಇರಲಿಲ್ಲ ಎಂಬುದು ಒಂದು. ನಮ್ಮ ಪೂರ್ವಿಕರೆಲ್ಲರೂ ಪರಿಸರವಾದಿಗಳೇ ಆಗಿದ್ದರು, ಇಂದಿನವರು ಹೇಳುತ್ತಿರುವುದೆಲ್ಲ ಅವರಿಗೆ ಮೊದಲೇ ತಿಳಿದಿತ್ತು ಎಂಬುದು ಇನ್ನೊಂದು. ಇವೆರಡೂ ಪಠ್ಯಗಳನ್ನು ಓದದೆಯೇ ಆಡಬಹುದಾದ ಮಾತುಗಳು. ಪಠ್ಯಗಳನ್ನು ತೆರೆದು ನೋಡಿದಾಗ ಕಾಣುವ ಚಿತ್ರ ಬೇರೆ. ಜೈನ ಗೃಹಸ್ಥನ ನಡಾವಳಿಯನ್ನು ನಿರೂಪಿಸುವ ಶ್ರಾವಕಾಚಾರ ಗ್ರಂಥಗಳಲ್ಲಿ 'ಅನರ್ಥದಂಡವಿರತಿ' ಎಂಬ ಒಂದು ವ್ರತವಿದೆ. ನೆಲ, ನೀರು, ಬೆಂಕಿ, ಗಾಳಿ, ಗಿಡಮರಗಳೊಡನೆ ಮನುಷ್ಯನು ದಿನನಿತ್ಯ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅದು ಸಣ್ಣ ಸಣ್ಣ ಕ್ರಿಯೆಗಳ ಮಟ್ಟದಲ್ಲಿ ಹೇಳುತ್ತದೆ. ಆ ವ್ರತದ ಸ್ವರೂಪವನ್ನೂ ಅದರ ಮಿತಿಯನ್ನೂ ಗುರುತಿಸುವುದು ಈ ಬರಹದ ಉದ್ದೇಶ.

ಗೃಹಸ್ಥನಿಗೆ ವಿಹಿತವಾದ ವ್ರತಗಳು ಹನ್ನೆರಡು: ಐದು ಅಣುವ್ರತಗಳು, ಮೂರು ಗುಣವ್ರತಗಳು, ನಾಲ್ಕು ಶಿಕ್ಷಾವ್ರತಗಳು. ಅನರ್ಥದಂಡವಿರತಿಯು ಗುಣವ್ರತಗಳ ಸಾಲಿಗೆ ಸೇರಿದುದು. 'ಅರ್ಥ' ಎಂದರೆ ಇಲ್ಲಿ ಪ್ರಯೋಜನ. 'ದಂಡ' ಎಂದರೆ ಮತ್ತೊಂದು ಜೀವಕ್ಕೆ ಪೀಡೆಯನ್ನುಂಟುಮಾಡುವ ಮನೋವಾಕ್ಕಾಯಗಳ ಪ್ರವೃತ್ತಿ. 'ವಿರತಿ' ಎಂದರೆ ಅದರಿಂದ ಹಿಂದೆ ಸರಿಯುವುದು. ಯಾವ ಪ್ರಯೋಜನವೂ ಇಲ್ಲದೆ ಮಾಡುವ ಹಿಂಸೆಯಿಂದ ನಿವೃತ್ತನಾಗುವುದೇ ಈ ವ್ರತ. ಕನ್ನಡದ ಆಡುಮಾತಿನಲ್ಲಿ 'ದುಡ್ಡು ದಂಡವಾಯಿತು' ಎನ್ನುವಾಗ ನಾವು 'ದಂಡ' ಶಬ್ದವನ್ನು ವ್ಯರ್ಥವೆಂಬ ಅರ್ಥದಲ್ಲಿ ಬಳಸುತ್ತೇವೆ. ಶಾಸ್ತ್ರದ ಅರ್ಥ ಬೇರೆಯಾದರೂ ಎರಡರ ಭಾವ ಒಂದಕ್ಕೊಂದು ಸಮೀಪದಲ್ಲಿದೆ: ಇತ್ತ ಕೈಗೆ ಫಲವಿಲ್ಲ, ಅತ್ತ ಕಳೆದುಹೋದುದು ಮರಳುವುದಿಲ್ಲ.

ಈ ಅನರ್ಥದಂಡದಲ್ಲಿ ಐದು ಬಗೆಗಳಿವೆ. ಪಾಪಕಾರ್ಯಕ್ಕೆ ಉಪದೇಶ ನೀಡುವುದು, ಹಿಂಸೆಯ ಸಾಧನಗಳನ್ನು ಒದಗಿಸುವುದು, ಇತರರ ಕೇಡನ್ನು ಚಿಂತಿಸುವುದು, ಮನಸ್ಸನ್ನು ಕೆಡಿಸುವ ಮಾತುಗಳನ್ನು ಕೇಳುವುದು ಎಂಬ ನಾಲ್ಕರ ಜೊತೆಗೆ ಐದನೆಯದಾಗಿ ಬರುವುದು 'ಪ್ರಮಾದಚರ್ಯೆ', ಅಂದರೆ ಎಚ್ಚರಗೇಡಿ ನಡವಳಿಕೆ. ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು ಇದು. ಸಮಂತಭದ್ರಾಚಾರ್ಯರು 150 ಶ್ಲೋಕಗಳ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಇದನ್ನು ಒಂದೇ ಶ್ಲೋಕದಲ್ಲಿ ವಿವರಿಸುತ್ತಾರೆ. ಫಲವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಾಳಿಯನ್ನು ಬೀಸುವುದು, ಗಿಡಮರಗಳನ್ನು ಕತ್ತರಿಸುವುದು, ತಾನು ಸುಮ್ಮನೆ ತಿರುಗಾಡುವುದು, ಇತರರನ್ನೂ ಹಾಗೆ ತಿರುಗಾಡಿಸುವುದು ಇವೆಲ್ಲ ಪ್ರಮಾದಚರ್ಯೆಗಳು. ಕನ್ನಡ ಕವಿಗಳು ತಮ್ಮ ಕಾವ್ಯಗಳ ಪೀಠಿಕೆಯಲ್ಲಿ ಪೂಜ್ಯಪಾದ, ಕವಿಪರಮೇಷ್ಠಿಗಳ ಜೊತೆಯಲ್ಲಿ ಆದರದಿಂದ ನೆನೆಯುವ ಸಮಂತಭದ್ರರು ಇವರೇ. ವಾದಿಯೆಂದೂ ತಾರ್ಕಿಕನೆಂದೂ ಪ್ರಸಿದ್ಧರಾದ ಆಚಾರ್ಯರೊಬ್ಬರು ನೀರು ಚೆಲ್ಲುವಂತಹ ಮನೆವಾರ್ತೆಯ ಸಂಗತಿಗೆ ಲಕ್ಷ್ಯ ಕೊಟ್ಟಿರುವುದು ಗಮನಾರ್ಹ.

ಈ ಪಟ್ಟಿ ಮುಂದಿನ ಗ್ರಂಥಕಾರರ ಕೈಯಲ್ಲಿ ಚಿಕ್ಕಪುಟ್ಟ ಬದಲಾವಣೆಗಳೊಂದಿಗೆ ಮರಳಿ ಮರಳಿ ಬರುತ್ತದೆ. ತತ್ತ್ವಾರ್ಥಸೂತ್ರಕ್ಕೆ 'ಸರ್ವಾರ್ಥಸಿದ್ಧಿ'ಯೆಂಬ ವೃತ್ತಿಯನ್ನು ಬರೆದ ಪೂಜ್ಯಪಾದರು ಮರ ಕಡಿಯುವುದು, ನೆಲವನ್ನು ಕುಟ್ಟುವುದು, ನೀರನ್ನು ಚಿಮುಕಿಸುವುದು ಎಂಬ ಮೂರು ಉದಾಹರಣೆಗಳನ್ನು ಕೊಡುತ್ತಾರೆ. 'ಪುರುಷಾರ್ಥಸಿದ್ಧ್ಯುಪಾಯ'ದ ಕರ್ತೃ ಅಮೃತಚಂದ್ರರು ಇನ್ನೂ ಸೂಕ್ಷ್ಮಕ್ಕೆ ಇಳಿದು, ಹಸುರು ಹುಲ್ಲನ್ನು ತುಳಿಯುವುದನ್ನೂ ಎಲೆ, ಹೂ, ಹಣ್ಣುಗಳನ್ನು ಸುಮ್ಮನೆ ಕಿತ್ತು ಒಟ್ಟುವುದನ್ನೂ ಸೇರಿಸುತ್ತಾರೆ. ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನೂ ತನ್ನ ಸಂಸ್ಕೃತ ಕೃತಿ 'ಚಾರಿತ್ರಸಾರ'ದಲ್ಲಿ ಗೃಹಸ್ಥವ್ರತಗಳ ಸಾಲಿನಲ್ಲಿ ಇದನ್ನು ನಿರೂಪಿಸಿದ್ದಾನೆ. ಉದಾಹರಣೆಗಳು ಬದಲಾದರೂ ಎಲ್ಲರಲ್ಲಿಯೂ ಬದಲಾಗದೆ ಉಳಿಯುವುದು 'ನಿಷ್ಕಾರಣವಾಗಿ' ಎಂಬ ವಿಶೇಷಣ. ವ್ರತದ ತಿರುಳು ಆ ಒಂದು ಪದದಲ್ಲಿದೆ.

ಆ ವಿಶೇಷಣ ಏಕೆ ಬೇಕಾಯಿತು? ಜೈನ ತತ್ತ್ವದಲ್ಲಿ ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಇವು ಏಕೇಂದ್ರಿಯ ಜೀವಗಳ ಕಾಯಗಳು; ಇವನ್ನು ಸ್ಥಾವರಗಳೆನ್ನುತ್ತಾರೆ. ಮುನಿಯು ಇವುಗಳ ಹಿಂಸೆಯನ್ನೂ ತೊರೆಯುತ್ತಾನೆ. ಒಲೆ ಹಚ್ಚುವ, ಹೊಲ ಉಳುವ, ಬಾವಿ ತೋಡುವ, ಮನೆ ಕಟ್ಟುವ ಗೃಹಸ್ಥನಿಗೆ ಅದು ಸಾಧ್ಯವಿಲ್ಲ. ಅವನ ಅಹಿಂಸಾಣುವ್ರತವು ಮುಖ್ಯವಾಗಿ ಚಲಿಸುವ ತ್ರಸಜೀವಿಗಳಿಗೆ ಅನ್ವಯಿಸುತ್ತದೆ. ಹಾಗಾದರೆ ನೆಲ, ನೀರು, ಮರಗಳ ವಿಷಯದಲ್ಲಿ ಅವನು ಮನಬಂದಂತೆ ನಡೆಯಬಹುದೇ? ಈ ಪ್ರಶ್ನೆಗೆ ಶಾಸ್ತ್ರಕಾರರು ಕಂಡುಕೊಂಡ ಉತ್ತರವೇ ಅನರ್ಥದಂಡವಿರತಿ. ಬಳಕೆಯನ್ನು ಅವರು ನಿಷೇಧಿಸಲಿಲ್ಲ. ಪ್ರತಿಯೊಂದು ಬಳಕೆಯ ಮುಂದೆಯೂ 'ಇದು ಬೇಕೇ?' ಎಂಬ ಪ್ರಶ್ನೆಯನ್ನು ನಿಲ್ಲಿಸಿದರು.

ಇದರ ಜೊತೆಗೇ ಓದಬೇಕಾದ ಮತ್ತೊಂದು ವ್ರತ 'ಭೋಗೋಪಭೋಗ ಪರಿಮಾಣ'. ಅನ್ನದಂತೆ ಒಮ್ಮೆ ಬಳಸಿ ಮುಗಿಯುವುದು ಭೋಗ. ಬಟ್ಟೆಯಂತೆ ಮತ್ತೆ ಮತ್ತೆ ಬಳಸಬಹುದಾದುದು ಉಪಭೋಗ. ಇವೆರಡಕ್ಕೂ ಮೇರೆ ಹಾಕಿಕೊಳ್ಳುವುದು ಈ ವ್ರತ. ತತ್ತ್ವಾರ್ಥಸೂತ್ರದ ಸಂಪ್ರದಾಯದಲ್ಲಿ ಇದು ಶಿಕ್ಷಾವ್ರತಗಳಲ್ಲಿ ಎಣಿಕೆಯಾದರೆ, ಸಮಂತಭದ್ರರು ಇದನ್ನು ಗುಣವ್ರತವಾಗಿ ಅನರ್ಥದಂಡವಿರತಿಯ ಪಕ್ಕದಲ್ಲಿಯೇ ಇರಿಸಿದ್ದಾರೆ. ಈ ಸ್ಥಾನಪಲ್ಲಟವನ್ನು ಕೇವಲ ಎಣಿಕೆಯ ಭೇದವೆಂದು ಬಿಟ್ಟುಬಿಡುವಂತಿಲ್ಲ. ವ್ಯರ್ಥವನ್ನು ತಡೆಯುವುದೂ ಅನುಭೋಗವನ್ನು ಅಳೆಯುವುದೂ ಒಂದೇ ಶಿಸ್ತಿನ ಎರಡು ಮುಖಗಳೆಂಬ ಗ್ರಹಿಕೆ ಇಲ್ಲಿ ಕಾಣುತ್ತದೆ. ಮೇರೆಯನ್ನು ಆಜೀವ ಪರ್ಯಂತ ಹಾಕಿಕೊಂಡರೆ ಅದು 'ಯಮ'. ಕಾಲವನ್ನು ಗೊತ್ತುಮಾಡಿಕೊಂಡು ಹಾಕಿಕೊಂಡರೆ 'ನಿಯಮ'. ಊಟ, ವಾಹನ, ಹಾಸಿಗೆ, ಸ್ನಾನ, ಲೇಪನ, ಹೂವು, ತಾಂಬೂಲ, ಬಟ್ಟೆ, ಒಡವೆ ಮೊದಲಾದವುಗಳನ್ನು ಇಂದು ಒಂದು ದಿನ, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನದವರೆಗೆ ಎಂದು ಮಿತಿಗೊಳಿಸಿಕೊಳ್ಳಬಹುದೆಂದು ಗ್ರಂಥವು ಸೂಚಿಸುತ್ತದೆ. ಪ್ರಯೋಜನ ಸ್ವಲ್ಪ, ಘಾತ ಬಹಳ ಎನ್ನುವಂತಹ ಪದಾರ್ಥಗಳನ್ನು ಬಿಟ್ಟೇಬಿಡಬೇಕೆಂಬ ಸೂತ್ರವೂ ಅಲ್ಲಿಯೇ ಇದೆ. ಎಲ್ಲವನ್ನೂ ಒಮ್ಮೆಗೇ ತ್ಯಜಿಸಲಾರದ ಸಾಮಾನ್ಯನಿಗೆ 'ಇಂದು ಒಂದು ದಿನ' ಎಂಬ ಅಳತೆಯನ್ನು ಕೊಟ್ಟದ್ದು ಮನುಷ್ಯ ಸ್ವಭಾವದ ಅರಿವುಳ್ಳವರ ಉಪಾಯ.

ನೀರಿನ ವಿಷಯದಲ್ಲಿ ಈ ಶಿಸ್ತು ಎಷ್ಟು ನಿಖರವಾಗಿತ್ತೆಂಬುದಕ್ಕೆ ಹದಿಮೂರನೆಯ ಶತಮಾನದಲ್ಲಿ ಮಾಳವದಲ್ಲಿ ಬಾಳಿದ ಪಂಡಿತ ಆಶಾಧರನ 'ಸಾಗಾರಧರ್ಮಾಮೃತ' ಸಾಕ್ಷಿ. ಜೈನ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವ ರೂಢಿ ಎಲ್ಲರಿಗೂ ತಿಳಿದದ್ದೇ. ಆಶಾಧರನು ಆ ರೂಢಿಯಲ್ಲಿ ಉಂಟಾಗುವ ದೋಷಗಳನ್ನು ಎಣಿಸುತ್ತಾನೆ. ಸೋಸಿದ ನೀರನ್ನು ಎರಡು ಮುಹೂರ್ತ, ಅಂದರೆ 96 ನಿಮಿಷಗಳು ಕಳೆದ ಬಳಿಕ ಮತ್ತೆ ಸೋಸದಿರುವುದು ಒಂದು ದೋಷ. ಯೋಗ್ಯವಲ್ಲದ ಬಟ್ಟೆಯಲ್ಲಿ ಸೋಸುವುದು ಇನ್ನೊಂದು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದುದನ್ನು ಅದು ಬಂದ ಜಲಾಶಯಕ್ಕೆ ಹಿಂತಿರುಗಿಸದೆ ಬೇರೆಡೆ ಚೆಲ್ಲುವುದು ಮತ್ತೊಂದು. ಕುಡಿಯುವವನ ಆರೋಗ್ಯವೊಂದೇ ಗುರಿಯಾಗಿದ್ದರೆ ಈ ಕೊನೆಯ ನಿಯಮಕ್ಕೆ ಅರ್ಥವಿರುತ್ತಿರಲಿಲ್ಲ. ಬಾವಿಯ ಜೀವಿ ಬಾವಿಗೆ, ಕೆರೆಯ ಜೀವಿ ಕೆರೆಗೆ ಸೇರಬೇಕೆಂಬಲ್ಲಿ, ಪ್ರತಿಯೊಂದು ಜೀವಕ್ಕೂ ತನ್ನದೇ ಆದ ನೆಲೆಯಿದೆಯೆಂಬ ತಿಳಿವಳಿಕೆ ಅಡಗಿದೆ.

ಮನೆಯಿಂದಾಚೆಗೆ, ಜೀವನೋಪಾಯದ ಕ್ಷೇತ್ರಕ್ಕೂ ಈ ವಿಚಾರ ವಿಸ್ತರಿಸಿತು. ಹನ್ನೆರಡನೆಯ ಶತಮಾನದ ಹೇಮಚಂದ್ರರ 'ಯೋಗಶಾಸ್ತ್ರ'ವೂ ಆಶಾಧರನ ಗ್ರಂಥವೂ ಗೃಹಸ್ಥನು ಕೈಗೊಳ್ಳಬಾರದ ಹದಿನೈದು ವೃತ್ತಿಗಳನ್ನು ಹೆಸರಿಸುತ್ತವೆ. ಕಾಡನ್ನು ಕಡಿದು ಮಾರುವುದು, ಇದ್ದಿಲು ಸುಡುವುದು, ಕಾಡಿಗೆ ಬೆಂಕಿಯಿಡುವುದು, ಕೆರೆಕೊಳಗಳನ್ನು ಬತ್ತಿಸುವುದು ಇವು ಆ ಪಟ್ಟಿಯಲ್ಲಿವೆ. ಕೆರೆಯನ್ನು ಬರಿದುಮಾಡಿ ಲಾಭ ಪಡೆಯುವುದು ಎಂಟು ಶತಮಾನಗಳ ಹಿಂದೆಯೇ ನಿಷಿದ್ಧ ವೃತ್ತಿಗಳ ಸಾಲಿನಲ್ಲಿ ಸೇರಿತ್ತೆಂಬುದು ಕೆರೆಗಳನ್ನು ಮುಚ್ಚಿ ಬಡಾವಣೆಗಳನ್ನು ಎಬ್ಬಿಸಿರುವ ನಮ್ಮ ಕಾಲಕ್ಕೆ ನಾಟಬೇಕಾದ ಸಂಗತಿ.

ಇಷ್ಟನ್ನು ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯಲಾಗದು. 'ಪ್ರಯೋಜನ'ವೆಂಬುದನ್ನು ನಿರ್ಧರಿಸುವವರು ಯಾರು? ಕಾಡು ಕಡಿದು ಹೊಲ ಮಾಡುವವನಿಗೂ ಕಲ್ಲುಗಣಿ ತೋಡುವವನಿಗೂ ತನ್ನದೊಂದು ಪ್ರಯೋಜನ ಇದ್ದೇ ಇರುತ್ತದೆ. ಕರ್ನಾಟಕದಲ್ಲಿ ಕೃಷಿ ಹಬ್ಬಿದ್ದು ಕಾಡನ್ನು ಹಿಂದಕ್ಕೆ ಸರಿಸಿಯೇ. ಜೈನಧರ್ಮಕ್ಕೆ ಆಶ್ರಯವಿತ್ತ ಅರಸುಮನೆತನಗಳ ಕಾಲವೂ ಇದಕ್ಕೆ ಹೊರತಲ್ಲ. ಬೇಕೆಂಬುದಕ್ಕೆ ಎಲ್ಲೆಯನ್ನು ಬೇಡುವವನೇ ಹಾಕಿಕೊಳ್ಳಬೇಕಾದಾಗ ಆ ಎಲ್ಲೆ ಹಿಗ್ಗುತ್ತ ಹೋಗುವ ಅಪಾಯವಿದೆ.

ಈ ಆಕ್ಷೇಪಕ್ಕೆ ಉತ್ತರದ ಎಳೆಯೊಂದು ಅದೇ ಪರಂಪರೆಯ ಮತ್ತೊಂದು ಗ್ರಂಥದಲ್ಲಿ ದೊರೆಯುತ್ತದೆ. ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ 'ಗೊಮ್ಮಟಸಾರ'ದಲ್ಲಿ ಆರು ಲೇಶ್ಯೆಗಳನ್ನು, ಅಂದರೆ ಮನೋಭಾವದ ಆರು ಬಣ್ಣಗಳನ್ನು ವಿವರಿಸುವಾಗ ಒಂದು ದೃಷ್ಟಾಂತ ಬರುತ್ತದೆ. ಕಾಡಿನಲ್ಲಿ ದಾರಿತಪ್ಪಿದ ಆರು ಮಂದಿ ಹಣ್ಣು ತುಂಬಿದ ಮರವನ್ನು ಕಾಣುತ್ತಾರೆ. ಒಬ್ಬ ಮರವನ್ನು ಬೇರುಸಹಿತ ಕೀಳಬೇಕೆನ್ನುತ್ತಾನೆ, ಎರಡನೆಯವನು ಕಾಂಡವನ್ನು ಕಡಿಯಬೇಕೆನ್ನುತ್ತಾನೆ, ಮೂರನೆಯವನು ದೊಡ್ಡ ಕೊಂಬೆಯನ್ನು, ನಾಲ್ಕನೆಯವನು ಚಿಕ್ಕ ಕೊಂಬೆಯನ್ನು, ಐದನೆಯವನು ಹಣ್ಣನ್ನಷ್ಟೇ ಕೀಳಬೇಕೆನ್ನುತ್ತಾನೆ. ಆರನೆಯವನು ನೆಲಕ್ಕೆ ಬಿದ್ದ ಹಣ್ಣುಗಳನ್ನು ಆಯ್ದು ತಿನ್ನೋಣವೆನ್ನುತ್ತಾನೆ. 1359ರಲ್ಲಿ ಕೇಶವಣ್ಣನು ಈ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಮುಂದೆ ಹುಟ್ಟಿದ ಸಂಸ್ಕೃತ ಟೀಕೆಗೆ ಈ ಕನ್ನಡ ವೃತ್ತಿಯೇ ಆಧಾರವಾಯಿತೆಂಬುದನ್ನು ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟರು. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿಯೂ ಈ ಮರವನ್ನು ಕಾಣಬಹುದು.

ಈ ದೃಷ್ಟಾಂತದಲ್ಲಿ ಆರು ಮಂದಿಗೂ ಬೇಕಾದುದು ಹಣ್ಣೇ. ಪ್ರಯೋಜನದ ದೃಷ್ಟಿಯಿಂದ ನೋಡಿದರೆ ಬೇರು ಕೀಳುವವನಿಗೂ ಬಿದ್ದುದನ್ನು ಆಯುವವನಿಗೂ ಭೇದವಿಲ್ಲ. ಭೇದವಿರುವುದು ಆ ಪ್ರಯೋಜನವನ್ನು ಸಾಧಿಸಲು ಎಷ್ಟನ್ನು ಕೆಡಿಸಲು ಸಿದ್ಧರಾಗಿದ್ದಾರೆ ಎಂಬುದರಲ್ಲಿ. ಅನರ್ಥದಂಡವಿರತಿ 'ಇದು ಬೇಕೇ?' ಎಂದು ಕೇಳಿದರೆ, ಲೇಶ್ಯೆಯ ಮರವು 'ಬೇಕೆಂದಾದರೆ, ಇದಕ್ಕಿಂತ ಕಡಿಮೆ ಕೇಡಿನ ದಾರಿಯಿಲ್ಲವೇ?' ಎಂದು ಕೇಳುತ್ತದೆ. ಎರಡನ್ನೂ ಜೋಡಿಸಿ ಓದಿದಾಗ ಮಾತ್ರ ಮೊದಲನೆಯದರ ಕೊರತೆ ತುಂಬುತ್ತದೆ.

ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ಈ ಗ್ರಂಥಕಾರರು 'ಪರಿಸರ'ವನ್ನು ಉಳಿಸಲು ಬರೆದವರಲ್ಲ. ಜೀವದಯೆ ಮತ್ತು ಕರ್ಮಬಂಧದ ನಿವಾರಣೆ ಅವರ ಲಕ್ಷ್ಯ. ಅಂತರ್ಜಲದ ಮಟ್ಟವಾಗಲಿ ಹವೆಯ ತಾಪವಾಗಲಿ ಅವರ ಚಿಂತೆಯಾಗಿರಲಿಲ್ಲ. ಇಂದಿನ ಶಬ್ದವನ್ನು ಅವರ ಬಾಯಲ್ಲಿ ತುರುಕಿದರೆ ಚರಿತ್ರೆಗೂ ಅನ್ಯಾಯ, ಅವರಿಗೂ ಅನ್ಯಾಯ. ಉದ್ದೇಶ ಬೇರೆಯಾಗಿದ್ದರೂ ಅವರು ರೂಪಿಸಿದ ಅಭ್ಯಾಸಕ್ರಮ ನಮಗೆ ಒದಗಬಲ್ಲದು ಎಂಬಷ್ಟೇ ಇಲ್ಲಿ ಹೇಳಬಹುದಾದ ಮಾತು.

ಆ ಕ್ರಮದ ಬಲವಿರುವುದು ಅದರ ಸಣ್ಣತನದಲ್ಲಿ. ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ದೀಪ, ತಿರುಗುವ ಫ್ಯಾನು, ಪಾತ್ರೆ ತುಂಬಿದ ಮೇಲೂ ಹರಿಯುವ ನಲ್ಲಿ, ಹತ್ತು ಹೆಜ್ಜೆಯ ದೂರಕ್ಕೂ ಹೊರಡುವ ವಾಹನ, ನಡೆಯುತ್ತ ನಡೆಯುತ್ತ ಬೇಲಿಯ ಎಲೆಯನ್ನು ಕಿತ್ತು ಹರಿದು ಬಿಸಾಡುವ ಕೈ, ಸಭೆ ಮುಗಿದೊಡನೆ ಕಸವಾಗುವ ಹಾರಗಳ ರಾಶಿ: ಇವುಗಳಲ್ಲಿ ಯಾವುದಕ್ಕೂ ಹೊಸ ಹೆಸರು ಬೇಕಿಲ್ಲ. ಬೆಂಕಿ, ಗಾಳಿ, ನೀರು, ಅಲೆದಾಟ, ಎಲೆ, ಹೂವು ಎಂದು ಸಮಂತಭದ್ರರ ಮತ್ತು ಅಮೃತಚಂದ್ರರ ಪಟ್ಟಿಗಳಲ್ಲಿ ಇವೆಲ್ಲಕ್ಕೂ ಸ್ಥಾನವಿದೆ. ಇವುಗಳನ್ನು ಬಿಡುವುದರಿಂದ ಯಾರ ಬದುಕಿಗೂ ಕೊರತೆಯಾಗದು. ಪ್ರಯೋಜನವೇ ಇಲ್ಲದುದರ ತ್ಯಾಗ ಎಲ್ಲ ತ್ಯಾಗಗಳಲ್ಲಿ ಸುಲಭವಾದುದು. ಅಷ್ಟನ್ನೂ ಮಾಡಲಾರದವರು ಕಾಡು, ನದಿಗಳ ಅಳಿವಿನ ಬಗೆಗೆ ಆಡುವ ದೊಡ್ಡ ಮಾತುಗಳಿಗೆ ಬೆಲೆ ಬರುವುದು ಕಷ್ಟ. ನೀರು ಸೋಸುವ ಬಟ್ಟೆ ಕೈಯಲ್ಲಿ ಉಳಿದು, ಅದರ ಹಿಂದಿದ್ದ ಪ್ರಶ್ನೆ ಮನಸ್ಸಿನಿಂದ ಮರೆಯಾದರೆ ಆಚಾರ ಉಳಿಯುತ್ತದೆ, ವಿವೇಕ ಉಳಿಯುವುದಿಲ್ಲ. ಶ್ರಾವಕಾಚಾರ ಗ್ರಂಥಗಳನ್ನು ಇಂದು ಮರಳಿ ಓದಬೇಕಾದುದು ಆ ಪ್ರಶ್ನೆಗಾಗಿ.