ಬೀಜ, ಹೊಲ ಮತ್ತು ಬೆನ್ನುಮೂಳೆ

1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಸತ್ತ 735 ರೋಗಿಗಳ ಮರಣೋತ್ತರ ದಾಖಲೆಗಳನ್ನು ಕಲೆಹಾಕಿ, 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ರೋಗ ಯಕೃತ್ತಿಗೆ ಮತ್ತೆ ಮತ್ತೆ ಹಬ್ಬಿತ್ತು. ರಕ್ತಕ್ಕೇನೂ ಕೊರತೆಯಿಲ್ಲದ ಗುಲ್ಮದಲ್ಲಿ ಮಾತ್ರ ಅಪರೂಪ. ಯಾಕೆ ಈ ತಾರತಮ್ಯ? ಕ್ಯಾನ್ಸರ್ ಕೋಶ ಬೀಜವಾದರೆ ಅಂಗ ಹೊಲ, ಹೊಲ ಒಗ್ಗದೆ ಬೀಜ ಮೊಳೆಯದು ಎಂಬುದು ಪ್ಯಾಜೆಟ್ ವಾದ.

ಈ ಹೋಲಿಕೆಗೆ ಎಲ್ಲರೂ ಒಪ್ಪಲಿಲ್ಲ. ಅಮೆರಿಕದ ರೋಗವಿಜ್ಞಾನಿ ಜೇಮ್ಸ್ ಯೂಯಿಂಗ್ 1928ರ ಹೊತ್ತಿಗೆ, ಹೊಲದ ಮಾತು ಬೇಡ, ರಕ್ತನಾಳಗಳ ಜೋಡಣೆಯೇ ಎಲ್ಲವನ್ನೂ ವಿವರಿಸುತ್ತದೆ ಎಂದರು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಯನ್ನೇ ಹುಡುಕಿಕೊಂಡು ಹೋಗುವುದೇಕೆ ಎಂಬ ಪ್ರಶ್ನೆಗೆ ಈ ಪಕ್ಷದಿಂದ ಸೊಗಸಾದ ಉತ್ತರ ಬಂದದ್ದು 1940ರಲ್ಲಿ. ಆಸ್ಕರ್ ಬ್ಯಾಟ್ಸನ್ ಶವಗಳ ಶಿಶ್ನದ ಅಭಿಧಮನಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ತುಂಬಿ ನೋಡಿದಾಗ, ಅದು ಬೆನ್ನುಮೂಳೆಯ ಸುತ್ತಲಿನ ನಾಳಗಳ ಬಲೆಗೆ ಹರಿಯಿತು. ಆ ಬಲೆಯಲ್ಲಿ ಕವಾಟಗಳಿಲ್ಲ. ಕೆಮ್ಮಿದರೆ, ಮುಕ್ಕಿದರೆ ರಕ್ತ ಹಿಮ್ಮುಖವಾಗಿಯೂ ಹೋದೀತು. ದಾರಿಯೇನೋ ಸಿಕ್ಕಿತು. ಆದರೆ ದಾರಿ ಇದ್ದ ಮಾತ್ರಕ್ಕೆ ಹೋದವರು ಅಲ್ಲೇ ಮನೆ ಕಟ್ಟಬೇಕೆಂದಿಲ್ಲವಲ್ಲ.

ಮರುವರ್ಷವೇ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಇನ್ನೊಂದು ದಿಕ್ಕಿನಿಂದ ಬಂದರು. ವೃಷಣಗಳನ್ನು ತೆಗೆದರೆ ಮೂಳೆಗೆ ಹಬ್ಬಿದ ರೋಗವೂ ಹಿಂಜರಿಯುತ್ತದೆ ಎಂದು ತೋರಿಸಿದರು. ಹಗಿನ್ಸ್‌ಗೆ 1966ರ ನೊಬೆಲ್ ಸಂದಿತು. ಟೆಸ್ಟೋಸ್ಟಿರಾನ್ ಕೋಶದೊಳಗಿನ ಆಂಡ್ರೊಜೆನ್ ರಿಸೆಪ್ಟರ್ ಎಂಬ ಪ್ರೋಟೀನಿಗೆ ಅಂಟಿಕೊಂಡು 'ಬೆಳೆ' ಎಂದು ಸಂಕೇತ ಕೊಡುತ್ತದೆ ಎಂಬುದು ಆಮೇಲೆ ತಿಳಿದ ಸಂಗತಿ. ಸಂಕಟವೆಂದರೆ, ರೋಗ ಬಹುತೇಕ ಮರಳಿ ಬರುತ್ತಿತ್ತು. ಹಾರ್ಮೋನು ಕಡಿಮೆಯಾದರೆ ಕೆಲವು ಕೋಶಗಳು ಆ ರಿಸೆಪ್ಟರನ್ನೇ ಹೆಚ್ಚು ತಯಾರಿಸಿಕೊಳ್ಳುತ್ತವೆ. ಪಿಸುಮಾತೂ ಅವಕ್ಕೆ ಕೂಗಿನಂತೆ ಕೇಳಿಸುತ್ತದೆ.

ಮೂಳೆಯ ಒಗಟು ಹಾಗೇ ಉಳಿದಿತ್ತು. ಅನೇಕ ಕ್ಯಾನ್ಸರುಗಳು ಮೂಳೆಯನ್ನು ತಿಂದು ತೂತು ಮಾಡುತ್ತವೆ. ಪ್ರಾಸ್ಟೇಟಿನದು ಸಾಮಾನ್ಯವಾಗಿ ಹೊಸ ಮೂಳೆ ಬೆಳೆಸುತ್ತದೆ: ಎಕ್ಸ್‌ರೇಯಲ್ಲಿ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ, ಆದರೆ ಕಟ್ಟೋಣ ಅಡ್ಡಾದಿಡ್ಡಿ, ಸುಲಭವಾಗಿ ಮುರಿಯುತ್ತದೆ. 1990ರ ದಶಕದಿಂದ ಇದರ ಹಿಂದಿನ ಪ್ರೋಟೀನುಗಳು ಒಂದೊಂದಾಗಿ ಬೆಳಕಿಗೆ ಬಂದವು. ಕ್ಯಾನ್ಸರ್ ಕೋಶ ಎಂಡೊತೆಲಿನ್-1 ಮುಂತಾದವನ್ನು ಸ್ರವಿಸಿ ಮೂಳೆ ಕಟ್ಟುವ ಕೋಶಗಳನ್ನು ಹುರಿದುಂಬಿಸುತ್ತದೆ. ಆ ಕೋಶಗಳು ರ‍್ಯಾಂಕ್ ಲಿಗ್ಯಾಂಡ್ ಎಂಬ ಪ್ರೋಟೀನಿನ ಮೂಲಕ ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತವೆ. ಮೂಳೆ ಕರಗಿದಾಗ ಅದರೊಳಗೆ ಹುದುಗಿದ್ದ ಟಿಜಿಎಫ್-ಬೀಟಾದಂಥ ಪ್ರೋಟೀನುಗಳು ಬಿಡುಗಡೆಯಾಗಿ ಕ್ಯಾನ್ಸರ್ ಕೋಶಕ್ಕೇ ನೆರವಾಗುತ್ತವೆ. ಅಂದರೆ ಬೀಜವೇ ಹೊಲ ಉಳುತ್ತದೆ, ಹೊಲ ಬೀಜಕ್ಕೆ ಗೊಬ್ಬರ ಹಾಕುತ್ತದೆ. ಪ್ಯಾಜೆಟ್ ಹೋಲಿಕೆಯಲ್ಲಿ ಹೊಲ ಸುಮ್ಮನೆ ಬಿದ್ದಿತ್ತು. ಅದನ್ನು ಸುಳ್ಳಾಗಿಸದೆ ಇಷ್ಟು ಕಲಕಿದ್ದೇ ಈ ಪ್ರೋಟೀನುಗಳ ಸಾಧನೆ ಎಂದು ನನಗನಿಸುತ್ತದೆ.

ಸಂಕೇತ ಗೊತ್ತಾದರೆ ಅದನ್ನು ಕತ್ತರಿಸಬಹುದು ಎಂಬ ಆಸೆ ಹುಟ್ಟುವುದು ಸಹಜ. ಎಂಡೊತೆಲಿನ್ ದಾರಿಯನ್ನು ತಡೆಯುವ ಅಟ್ರಾಸೆಂಟಾನ್ ದೊಡ್ಡ ಪ್ರಯೋಗಗಳಲ್ಲಿ ಸೋತಿತು. ರ‍್ಯಾಂಕ್ ಲಿಗ್ಯಾಂಡ್ ತಡೆಯುವ ಡೆನೊಸುಮ್ಯಾಬ್ ಅರ್ಧ ಗೆದ್ದಿತು. ಸುಮಾರು 1,900 ಗಂಡಸರ ಮೇಲಿನ ಪ್ರಯೋಗದ ಫಲಿತಾಂಶ 2011ರಲ್ಲಿ ಅದೇ 'ಲ್ಯಾನ್ಸೆಟ್'ನಲ್ಲಿ ಬಂತು. ಮೂಳೆ ಮುರಿತದಂಥ ಮೊದಲ ತೊಡಕು ಕಾಣಿಸಿಕೊಳ್ಳುವ ಮಧ್ಯಕ ಅವಧಿ ಹಳೆಯ ಔಷಧಿಯಲ್ಲಿ 17.1 ತಿಂಗಳು, ಹೊಸದರಲ್ಲಿ 20.7. ಆಯುಷ್ಯದಲ್ಲಿ ಮಾತ್ರ ವ್ಯತ್ಯಾಸವಾಗಲಿಲ್ಲ.

2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರೇಡಿಯಂ-223ರ ಕತೆ ಬೇರೆ. ಅದು ಕ್ಯಾನ್ಸರ್ ಕೋಶವನ್ನು ಗುರುತಿಸುವುದೇ ಇಲ್ಲ. ಕ್ಯಾಲ್ಸಿಯಂ ಎಂದು ದೇಹವನ್ನು ನಂಬಿಸಿ, ಹೊಸ ಮೂಳೆ ಕಟ್ಟುತ್ತಿರುವ ಜಾಗಕ್ಕೆ ಹೋಗಿ ಕೂತು, ಅಲ್ಲಿಂದಲೇ ವಿಕಿರಣ ಬೀರುತ್ತದೆ. ಪ್ರಯೋಗದಲ್ಲಿ ಮಧ್ಯಕ ಆಯುಷ್ಯ 11.3 ತಿಂಗಳಿಂದ 14.9ಕ್ಕೆ ಏರಿತು.