ಪಾಷಾಣಕ್ಕಿಂತ ಮೊದಲು ಗಾರೆ: ದೇವನಹಳ್ಳಿಯ ಕಟ್ಟಡಗಳಲ್ಲಿ ಇಲಿ ನಿಯಂತ್ರಣ

ಕಟ್ಟಡದಲ್ಲಿ ಇಲಿ ಕಾಣಿಸಿಕೊಂಡಾಗ ಯಾವ ಪಾಷಾಣ ಇಡಬೇಕು ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ಅದು ಎಲ್ಲಿಂದ ನುಗ್ಗಿತು, ಏನು ತಿಂದು ಬದುಕಿದೆ ಎಂದು ಕೇಳುವವರು ಕಡಿಮೆ. ಈ ಕ್ರಮವೇ ತಲೆಕೆಳಗು ಎಂಬುದು ಪ್ರಸ್ತುತ ಲೇಖನದ ವಾದ. ಅದನ್ನು ಒರೆಗೆ ಹಚ್ಚಲು ದೇವನಹಳ್ಳಿ ತಕ್ಕ ನೆಲ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಆರಂಭವಾದ ಮೇಲೆ ಇಲ್ಲಿ ರಾಗಿ ಹೊಲ, ದ್ರಾಕ್ಷಿ ತೋಟಗಳ ಮಗ್ಗುಲಲ್ಲೇ ಬಡಾವಣೆ, ಗೋದಾಮು, ಹೋಟೆಲುಗಳು ಎದ್ದಿವೆ. ಬುನಾದಿಯ ಬಳಿ ಬಿಲ ತೋಡುವ ಹೆಗ್ಗಣ, ಪೈಪು ಹಿಡಿದು ಅಟ್ಟ ಸೇರುವ ಮನೆ ಇಲಿ, ಕಪಾಟಿನ ಸಂದಿಯ ಸುಂಡಿಲಿ, ಮೂರಕ್ಕೂ ಇಂಥ ಅಂಚಿನ ಕಟ್ಟಡ ಅನುಕೂಲದ ತಾಣ. ರಾಗಿ ಕೊಯ್ಲಾಗಿ ಹೊಲ ಬರಿದಾದ ಮೇಲಂತೂ ಆಹಾರ ಉಳಿಯುವುದು ಕಟ್ಟಡದ ಕಡೆಗೇ.

ಕೊಂದರೆ ಸಂಖ್ಯೆ ಇಳಿಯುವುದಿಲ್ಲವೇ? ಇಳಿಯುತ್ತದೆ, ಸ್ವಲ್ಪ ಕಾಲ. ಇಲಿ ಗರ್ಭ ಧರಿಸಿ ಮರಿ ಹಾಕಲು ಸುಮಾರು ಮೂರು ವಾರ ಸಾಕು. 1940ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಸಂಶೋಧಕ ಡೇವಿಡ್ ಡೇವಿಸ್ ಮತ್ತು ಸಂಗಡಿಗರು ಕಂಡದ್ದು ಇದನ್ನೇ: ಕೊಂದ ಕಡೆ ಉಳಿದವು ಹೆಚ್ಚಿ ಮೊದಲಿನ ಮಟ್ಟ ಮುಟ್ಟಿದವು, ಕಸ, ಅಡಗುತಾಣ ತೆಗೆದ ಕಡೆ ಇಳಿಕೆ ಉಳಿದುಕೊಂಡಿತು. ಅವರು ನೋಡಿದ್ದು ಬೇರೆ ಜಾತಿಯ ಇಲಿ, ನಮ್ಮ ಹೆಗ್ಗಣವಲ್ಲ ಎನ್ನಬಹುದು. ಜಾತಿ ಬೇರೆಯಾದರೂ ಆಹಾರ, ಆಸರೆಗಳೇ ಸಂಖ್ಯೆಯ ಮಿತಿ ಎಂಬ ತರ್ಕ ಬದಲಾಗದು. ಪಾಷಾಣಕ್ಕೆ ತನ್ನದೇ ತೊಡಕುಗಳೂ ಇವೆ. ಜಿಂಕ್ ಫಾಸ್ಫೈಡ್ ತಿಂದು ಬದುಕುಳಿದ ಇಲಿ ಮತ್ತೆ ಅದನ್ನು ಮೂಸುವುದಿಲ್ಲ. ಬ್ರೊಮಾಡಿಯೊಲೋನ್ ಕೊಲ್ಲಲು ಕೆಲವು ದಿನ ಬೇಕು. ಅಷ್ಟರಲ್ಲಿ ಇಲಿ ಫಾಲ್ಸ್ ಸೀಲಿಂಗ್ ಮೇಲೆ ಸೇರಿ ಅಲ್ಲೇ ಸತ್ತು ನಾರುತ್ತದೆ, ಇಲ್ಲವೇ ಗೂಬೆಯ ಬಾಯಿಗೆ ಬಿದ್ದು ಅದಕ್ಕೂ ವಿಷವಾಗುತ್ತದೆ.

ತಡೆದು ಕಾಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಹಳೇ ಮೈಸೂರಿನ ರೈತರು ರಾಗಿಯನ್ನು ನೆಲದೊಳಗಿನ ಹಗೇವಿಗೆ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. 1898ರಲ್ಲಿ, ಇಲಿಗಳ ಮೂಲಕ ಹರಡುವ ಪ್ಲೇಗ್ ಬೆಂಗಳೂರನ್ನು ಹೊಕ್ಕ ಕಾಲಕ್ಕೆ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲ ಬೀದಿ, ಮನೆಗಳ ನಡುವೆ ಗಾಳಿಯಾಡುವ ಜಾಗಕ್ಕೆ ಒತ್ತು ಬಿತ್ತು. ಇಂದಿನ ಗುತ್ತಿಗೆದಾರರಾದರೋ ಎ.ಸಿ. ಪೈಪಿನ ತೂತಿಗೆ ಫೋಮ್ ತುಂಬಿ ಕೈತೊಳೆದುಕೊಳ್ಳುತ್ತಾರೆ. ಬೆಳೆಯುತ್ತಲೇ ಇರುವ ಬಾಚಿಹಲ್ಲಿಗೆ ಫೋಮ್ ಯಾವ ಲೆಕ್ಕ? ಸುಂಡಿಲಿಗೆ 6 ಮಿಲಿಮೀಟರ್ ಸಂದಿ ಸಾಕು, ಅಂದರೆ ಪೆನ್ಸಿಲ್ ತೂರುವಷ್ಟು. ತೂತಿಗೆ ಉಕ್ಕಿನ ಜಾಲರಿ ತುರುಕಿ ಸಿಮೆಂಟ್ ಗಾರೆ ಬಳಿಯಬೇಕು. ರೋಲಿಂಗ್ ಶಟರಿನ ಅಡಿಗೆ ಲೋಹದ ಪಟ್ಟಿ, ಬಚ್ಚಲ ಮೋರಿಗೆ ಗಟ್ಟಿ ಜಾಲರಿ ಬೇಕು.

ಹೆಂಚಿನ ಹಳೆಯ ಮನೆಗೆ ಇದೆಲ್ಲ ಸಾಧ್ಯವೇ ಎಂಬ ಆಕ್ಷೇಪ ನ್ಯಾಯವಾದದ್ದು. ಅಲ್ಲಿ ಇಡೀ ಮನೆಯನ್ನು ಬಿಗಿಯುವುದು ಆಗದ ಮಾತು. ದವಸದ ಕೋಣೆಯನ್ನಾದರೂ ಭದ್ರಪಡಿಸಿ, ಒಳಗೆ ಸಿಕ್ಕಿಕೊಂಡವಕ್ಕೆ ಬೋನು ಇಡಬಹುದು. ಪಾಷಾಣಕ್ಕೂ ಜಾಗವಿದೆ, ಆದರೆ ಸಂದಿ ಮುಚ್ಚಿ ಕಸ ತೆಗೆದ ನಂತರ. ಖರ್ಚಿನ ಮಾತು ಹೊಸ ಕಟ್ಟಡಕ್ಕೆ ಸಲ್ಲದು: ಕಟ್ಟುವಾಗ ಒಂದು ಬಾಂಡ್ಲಿ ಗಾರೆಯಲ್ಲಿ ಮುಗಿಯುವ ಕೆಲಸಕ್ಕೆ ಆಮೇಲೆ ಗೋಡೆ ಒಡೆಯಬೇಕು. ಇನ್ನು ಕಸದ ವಿಷಯದಲ್ಲಿ ಕಾನೂನು ಆಗಲೇ ದೇವನಹಳ್ಳಿಯ ಪರವಾಗಿದೆ. ಹಕ್ಕಿಗಳು ವಿಮಾನಕ್ಕೆ ಬಡಿಯದಿರಲೆಂದು 1937ರ ವಿಮಾನ ನಿಯಮಗಳ 91ನೇ ನಿಯಮ ನಿಲ್ದಾಣದ 10 ಕಿಲೋಮೀಟರ್ ಸುತ್ತ ಹಕ್ಕಿಗಳನ್ನು ಸೆಳೆಯುವ ಕಸ ಸುರಿಯುವುದನ್ನು ನಿಷೇಧಿಸಿತು. ಹದ್ದನ್ನು ಕರೆಯುವ ತಿಪ್ಪೆಯೇ ಹೆಗ್ಗಣವನ್ನೂ ಸಾಕುತ್ತದೆ. ಆದ್ದರಿಂದ ಪುರಸಭೆ ಈ ನಿಯಮವನ್ನು ಬಿಗಿಯಾಗಿ ಜಾರಿಗೆ ತರಲಿ. ನಕ್ಷೆ ಮಂಜೂರು ಮಾಡುವ ಯೋಜನಾ ಪ್ರಾಧಿಕಾರ ವಾಸಯೋಗ್ಯ ಪತ್ರ ಕೊಡುವ ಮುನ್ನ ನೆಲಮಹಡಿಯ ಪೈಪು, ಮೋರಿ, ಶಟರುಗಳ ಸಂದಿಯನ್ನು ಅಳೆದು ನೋಡಲಿ.