ಸ್ತ್ರೀಯ ವಯಸ್ಸು ಮತ್ತು ಸಂತಾನಶಕ್ತಿ: ಮೈಸೂರು ಸೀಮೆಯ ಲೆಕ್ಕಾಚಾರದ ಇತಿಹಾಸ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಹೋಬಳಿಯ ತೋಟಗಳಲ್ಲಿ ತೆಂಗಿನ ಮರದ ವಯಸ್ಸನ್ನು ಅಂದಾಜು ಮಾಡುವುದು ಕಠಿಣವಲ್ಲ. ಉದುರಿದ ಪ್ರತಿಯೊಂದು ಗರಿಯೂ ಕಾಂಡದ ಮೇಲೆ ತನ್ನ ಕಲೆಯನ್ನು ಉಳಿಸಿಹೋಗುತ್ತದೆ; ವರ್ಷಕ್ಕೆ ಸುಮಾರು 12 ಗರಿಗಳೆಂದು ಎಣಿಸಿದರೆ ಲೆಕ್ಕ ದೊರೆಯುತ್ತದೆ. ಆ ತೋಟದ ಮನೆಯ ಹೆಣ್ಣುಮಗಳ ವಯಸ್ಸಿಗೆ ಬಹುಕಾಲದವರೆಗೆ ಅಂತಹ ಗುರುತು ಇರಲಿಲ್ಲ. ಬರಗಾಲದ ವರ್ಷ, ಪ್ಲೇಗಿನ ವರ್ಷ, 1918ರ ಇನ್‌ಫ್ಲುಯೆಂಜಾ ಜ್ವರದ ವರ್ಷ ಎಂಬ ನೆನಪುಗಳಿಂದಲೇ ಜನನಕಾಲವನ್ನು ಊಹಿಸಬೇಕಾಗಿತ್ತು. ಜನಗಣತಿಗಳಲ್ಲಿ 30, 35, 40 ಎಂಬ ದುಂಡು ಸಂಖ್ಯೆಗಳು ಅತಿಯಾಗಿ ಕಾಣುವುದಕ್ಕೆ ಇದೇ ಕಾರಣ.

ಮೈಸೂರು ಸರ್ಕಾರವು ಸ್ತ್ರೀಯ ವಯಸ್ಸನ್ನು ಕಾನೂನಿನ ವಿಷಯವನ್ನಾಗಿ ಮಾಡಿದ್ದು 1894ರಲ್ಲಿ. ಆ ವರ್ಷದ ಶಿಶುವಿವಾಹ ನಿಷೇಧ ರೆಗ್ಯುಲೇಷನ್ನು 8 ವರ್ಷ ತುಂಬದ ಬಾಲೆಯ ವಿವಾಹವನ್ನೂ, 50 ಮೀರಿದ ಪುರುಷನು 14 ತುಂಬದವಳನ್ನು ವರಿಸುವುದನ್ನೂ ತಡೆಯಿತು. ಸಂಸ್ಥಾನವು 1930ರಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರಗಳು ಕೂಡಿ 1950ರ ದಶಕದ ಆರಂಭದಲ್ಲಿ ನಡೆಸಿ, 1961ರಲ್ಲಿ ವರದಿ ಪ್ರಕಟಿಸಿದ ಮೈಸೂರು ಜನಸಂಖ್ಯಾ ಅಧ್ಯಯನವು ಹೆರಿಗೆಗಳನ್ನು ತಾಯಂದಿರ ವಯಸ್ಸಿನೊಡನೆ ಹೊಂದಿಸಿ ನೋಡಿತು. ಈ ಪ್ರಯತ್ನಗಳೆಲ್ಲ ಬಾಲ್ಯವಿವಾಹವನ್ನೂ ಬಹುಸಂತಾನವನ್ನೂ ಮುಖ್ಯವಾಗಿ ಗಮನಿಸಿದವು. ಮಕ್ಕಳಾಗದವಳ ವಿಚಾರವು ಹಿಂದೆ ಉಳಿಯಿತು. ಅವಳಿಗೆ ಸಮಾಜವು ಇಟ್ಟಿದ್ದ ಹೆಸರು 'ಬಂಜೆ'. ಗಂಡನಿಗೆ ಮರುಮದುವೆಯ ಯೋಚನೆ ನಡೆಯುವಾಗ ಅವನನ್ನು ಪರೀಕ್ಷಿಸಬೇಕೆಂದು ಯಾರಿಗೂ ತೋರುತ್ತಿರಲಿಲ್ಲ.

ಯೂರೋಪಿನಲ್ಲಿ ಈ ನಡುವೆ ಬೇರೊಂದು ವಾದ ನಡೆದಿತ್ತು. ಹೆಣ್ಣಿನ ಅಂಡಾಣುಗಳೆಲ್ಲ ಹುಟ್ಟುವ ಮೊದಲೇ ರೂಪುಗೊಂಡಿರುತ್ತವೆಂದು ಜರ್ಮನಿಯ ವಾಲ್ಡೆಯರ್ 1870ರಲ್ಲಿ ಹೇಳಿದನು. ಪ್ರಾಯದಲ್ಲಿಯೂ ಹೊಸವು ಹುಟ್ಟುತ್ತವೆಂಬ ಪಕ್ಷವು ಪ್ರಬಲವಾಗಿದ್ದಾಗ, ಜ಼ಕರ್ಮನ್ 1951ರಲ್ಲಿ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ಹಳೆಯ ಮತವನ್ನೇ ಎತ್ತಿಹಿಡಿದನು. ಜನನಕಾಲದಲ್ಲಿ 10ರಿಂದ 20 ಲಕ್ಷದಷ್ಟಿರುವ ಅಂಡಾಣುಗಳು ಮೈನೆರೆಯುವ ವೇಳೆಗೆ 3-4 ಲಕ್ಷಕ್ಕೂ, ಮುಟ್ಟು ನಿಲ್ಲುವಾಗ ಸುಮಾರು ಒಂದು ಸಾವಿರಕ್ಕೂ ಇಳಿಯುತ್ತವೆ. ಸಂಖ್ಯೆಯೊಡನೆ ಗುಣವೂ ಕುಂದುತ್ತದೆ. 35ರ ಅನಂತರ ಗರ್ಭಪಾತವೂ ವರ್ಣತಂತುಗಳ ದೋಷವೂ ಹೆಚ್ಚುವುದು ಇದರಿಂದಲೇ.

ಉಳಿದ ದಾಸ್ತಾನನ್ನು ಅಳೆಯಲು ಇಂದು ಎ.ಎಂ.ಎಚ್. ಎಂಬ ರಕ್ತಪರೀಕ್ಷೆಯಿದೆ. ಇದನ್ನು ಸಂತಾನಶಕ್ತಿಯ ತೀರ್ಪೆಂದು ಓದುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಅಮೆರಿಕದಲ್ಲಿ 30ರಿಂದ 44 ವಯಸ್ಸಿನ, ಬಂಜೆತನದ ಇತಿಹಾಸವಿಲ್ಲದ ಸುಮಾರು 750 ಸ್ತ್ರೀಯರನ್ನು ಅನುಸರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎ.ಎಂ.ಎಚ್. ಕಡಿಮೆಯಿದ್ದವರು ಸಹಜವಾಗಿ ಗರ್ಭ ಧರಿಸುವ ಸಂಭವವು ಉಳಿದವರಿಗಿಂತ ಕಡಿಮೆಯೆಂದು ಕಂಡುಬರಲಿಲ್ಲ. ಔಷಧಿ ಕೊಟ್ಟಾಗ ಎಷ್ಟು ಅಂಡಾಣುಗಳು ದೊರೆಯಬಹುದೆಂಬುದನ್ನು ಈ ಪರೀಕ್ಷೆ ಚೆನ್ನಾಗಿ ಸೂಚಿಸುತ್ತದೆ. ಅವುಗಳ ಗುಣಕ್ಕೆ ವಯಸ್ಸೇ ಹೆಚ್ಚು ನಂಬಬಹುದಾದ ಸೂಚಕ. ಗಂಡನ ವೀರ್ಯಪರೀಕ್ಷೆಯಾದರೋ ಇದಕ್ಕಿಂತ ಸುಲಭವಾದುದು, ಆದರೂ ಅನೇಕ ಮನೆಗಳಲ್ಲಿ ಅದು ಕೊನೆಯ ಮಾತಾಗಿಯೇ ಉಳಿದಿದೆ.

ಭಾರತದ 2021ರ ಕಾಯಿದೆಯು ಕೃತಕ ಗರ್ಭಧಾರಣೆಯ ನೆರವು ಪಡೆಯುವ ಸ್ತ್ರೀಗೆ 50 ವರ್ಷದ ಮಿತಿಯನ್ನೂ ಪುರುಷನಿಗೆ 55ರ ಮಿತಿಯನ್ನೂ ಹಾಕಿದೆ. 1894ರ ರೆಗ್ಯುಲೇಷನ್ನು ಹೆಣ್ಣಿನ ವಯಸ್ಸಿಗೆ ಕೆಳಗಿನ ಗೆರೆಯನ್ನು ಎಳೆದಿದ್ದರೆ, ಇದು ಮೇಲಿನ ಗೆರೆಯನ್ನು ಎಳೆದಿದೆ. ಕಂದಿಕೆರೆಯಿಂದ ಚಿಕಿತ್ಸೆಗೆ ಹೊರಟವಳೂ ಇಂದು ತನ್ನ ಜನ್ಮದಿನಾಂಕದ ದಾಖಲೆಯನ್ನು ಜೊತೆಯಲ್ಲಿ ಒಯ್ಯಬೇಕು.